ದಾಸ್ತಾನಿನಲ್ಲಿರುವ ಸೀಸೆಯ ವರದಿ

ನಮ್ಮ ಕಾರ್ಖಾನೆಯಲ್ಲಿ ಯುರೇನಿಯಂ ಇಲ್ಲ. ಇರುವುದು ೪೧೧೭ ಸಂಖ್ಯೆಯ ವಸ್ತು ಮಾತ್ರ. ಅದನ್ನು ಯುರೇನಿಯಂ ಎಂದು ಕರೆಯಬಾರದೆಂದು ಸುರಕ್ಷತಾ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಆ ತೀರ್ಮಾನವನ್ನು ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದವನು ನಾನೇ. ಹೆಸರು ಯಶವಂತ್, ಹುದ್ದೆ ಆಡಳಿತಾಧಿಕಾರಿ, ಮೇಲಾಗಿ ಸಮಿತಿಯ ಕಾರ್ಯದರ್ಶಿ. ನಡೆದದ್ದನ್ನೆಲ್ಲ ಲಂಡನ್ನಿನಲ್ಲಿರುವ ಮಾಲೀಕರಿಗೆ ತಿಳಿಸಬೇಕೆಂದು ಆದೇಶವಾಗಿರುವುದರಿಂದ ಬರೆಯುತ್ತಿದ್ದೇನೆ. ನನಗೇನೂ ಬರೆಯುವ ಚಟವಿಲ್ಲ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಕಬ್ಬಿಣ ಕರಗಿಸಿ ಗೇಟು, ಕಿಟಕಿ ಸರಳು ಮಾಡುವ ಕಾರ್ಖಾನೆ ನಮ್ಮದು. ಈ ಊರಿನವರು ಕಿಟಕಿಗೊಂದು ಸರಳು, ಆ ಸರಳಿನ ಮೇಲೆ ನಂಬಿಕೆ ಸಾಲದೆ ಇನ್ನೊಂದು ಸರಳು ಹಾಕಿಸುವವರೆಗೆ ನಮಗೆ ಅನ್ನಕ್ಕೆ ಕೊರತೆಯಿಲ್ಲ.

ಸ್ಟೋರ್‌ಕೀಪರ್ ಪೀಟರ್ ನಮ್ಮಲ್ಲಿ ಹನ್ನೆರಡು ವರ್ಷದಿಂದ ಇದ್ದಾರೆ. ಮೈಸೂರು ಕಡೆಯ ಮೂವರು ಮ್ಯಾನೇಜರುಗಳ ಕೈಕೆಳಗೆ ದುಡಿದು ಕನ್ನಡ ಕಲಿತಿದ್ದಾರೆ. ಅವರು ಮೊದಲು ಕಲಿತ ಮಾತು 'ಆಗಲ್ಲ'. ಈ ಹನ್ನೆರಡು ವರ್ಷದಲ್ಲಿ, ಸಹಿ ಇರುವ ಇಂಡೆಂಟ್ ಚೀಟಿ ಇಲ್ಲದೆ ಅವರ ಕಿಟಕಿಯಿಂದ ಒಂದು ಮೊಳೆಯೂ ಆಚೆ ಹೋಗಿಲ್ಲ. ವರ್ಕ್ಸ್ ಮ್ಯಾನೇಜರ್ ಕೃಷ್ಣಪ್ರಸಾದರು ಒಮ್ಮೆ ಬಲಗೈ ಬೆರಳು ಕೊಯ್ದುಕೊಂಡು, ರಕ್ತ ಸೋರಿಸಿಕೊಂಡು ಬಂದು ಬ್ಯಾಂಡೇಜು ಕೇಳಿದಾಗಲೂ ಪೀಟರ್ ಚೀಟಿಯನ್ನು ಮುಂದಿಟ್ಟು ಸಹಿಯ ಜಾಗ ತೋರಿಸಿದರು. ಮ್ಯಾನೇಜರು ಎಡಗೈಯಲ್ಲಿ ಸಹಿ ಹಾಕಿದರು. ಈ ಸಹಿ ಕಡತದಲ್ಲಿರುವ ಸಹಿಗೆ ಹೊಂದುವುದಿಲ್ಲವೆಂದು ಪೀಟರ್ ಚೀಟಿ ವಾಪಸು ಕೊಟ್ಟರು. ಆ ವರ್ಷ ಅವರಿಗೆ ಉತ್ತಮ ನೌಕರ ಪ್ರಶಸ್ತಿ ಕೊಟ್ಟೆವು.

ಹೋದ ವರ್ಷ ಮೊಂಬಾಸಾ ಬಂದರಿನಿಂದ ಒಂದು ಕಂಟೇನರ್ ಗುಜರಿ ಬಂತು. ಕಾಗದದಲ್ಲಿ 'ಹಳೆಯ ಟ್ರ್ಯಾಕ್ಟರ್ ಬಿಡಿಭಾಗಗಳು' ಎಂದಿತ್ತು. ಒಳಗಿದ್ದ ಟ್ರ್ಯಾಕ್ಟರುಗಳಿಗೆ ಮೂರಂಗುಲ ದಪ್ಪದ ಉಕ್ಕಿನ ಕವಚವಿತ್ತು, ಒಂದಕ್ಕೆ ಫಿರಂಗಿಯ ಮೂತಿಯೂ ಇತ್ತು. ಅವು ಯಾವ ದೇಶದಿಂದ ಬಂದವೋ ಅಲ್ಲಿ ಉಳುಮೆ ಬಹಳ ಕಷ್ಟವಿರಬೇಕು ಎಂದುಕೊಂಡು ಇಳಿಸಿಕೊಂಡೆವು. ಕ್ರೇನಿನ ಆಯಸ್ಕಾಂತ ಎಲ್ಲವನ್ನೂ ಎತ್ತಿ ಕುಲುಮೆಗೆ ಹಾಕಿತು. ಗೇಣುದ್ದದ ಒಂದು ಕಪ್ಪು ಸಲಾಕೆ ಮಾತ್ರ ಆಯಸ್ಕಾಂತಕ್ಕೆ ಒಲಿಯದೆ ನೆಲದಲ್ಲೇ ಉಳಿಯಿತು. ಹೆಬ್ಬೆರಳಿಗಿಂತ ತುಸು ದಪ್ಪ, ಆದರೆ ಎತ್ತಿದರೆ ಎರಡು ಕಿಲೋ ಮೀರುವ ಭಾರ. ಪೀಟರ್ ಅದನ್ನು ಪುಸ್ತಕದಲ್ಲಿ ೪೧೧೭ ಎಂದು ಬರೆದುಕೊಂಡು, ಇಂಡೆಂಟ್ ಚೀಟಿಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಇಟ್ಟರು. ಅಷ್ಟು ಒಳ್ಳೆಯ ಭಾರ ಸ್ಟೋರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ನಮ್ಮ ಕಾರ್ಖಾನೆಯಲ್ಲಿ ಅದು ಪ್ರತಿವರ್ಷ ತಪ್ಪದೆ ನಡೆಯುತ್ತದೆ. ಫೋರ್ಕ್‌ಲಿಫ್ಟಿನ ಚಕ್ರಕ್ಕೆ ನಿಂಬೆಹಣ್ಣು, ನ್ಗಾರಾದ ಅಂಗಡಿಯಿಂದ ಬೂದುಗುಂಬಳಕಾಯಿ, ಕೃಷ್ಣಪ್ರಸಾದರ ಫೋನಿನಲ್ಲಿ ಮಂತ್ರ, ಅವರ ಹೆಂಡತಿ ಶಾಂತಾ ಅವರ ಕೈಯ ಕೋಸಂಬರಿ. ಕೃಷ್ಣಪ್ರಸಾದರದು ಒಂದೇ ಕಟ್ಟುನಿಟ್ಟು: ಕೊಳೆ ಇರುವ ಯಾವ ಸಾಮಾನೂ ಪೂಜೆಗೆ ಕೂರಬಾರದು. ಹಿಂದಿನ ದಿನ ಎಲ್ಲವನ್ನೂ ತಿಕ್ಕಿ, ತೊಳೆದು, ಹೊಳೆಯುವಂತೆ ಮಾಡಬೇಕು.

"ಪೀಟರ್, ಇದೇನ್ರೀ ಇಷ್ಟು ಕಪ್ಪಗಿದೆ? ಮದುವೆ ಮನೇಲಿ ಮುಖ ತೊಳೀದೇ ಬಂದೋರ ಥರ. ಹಾಕ್ರೀ ಗ್ರೈಂಡರ್‌ಗೆ!" ಎಂದರು ಕೃಷ್ಣಪ್ರಸಾದ್.

ಗ್ರೈಂಡರ್ ಮುಂದೆ ನಿಲ್ಲಲು ಮಾಸ್ಕ್ ಬೇಕು. ಮಾಸ್ಕುಗಳು ಪೀಟರ್ ಅವರ ಸ್ಟೋರಿನಲ್ಲೇ ಇನ್ನೂರು ಇದ್ದವು. ಆದರೆ ಇಂಡೆಂಟಿಗೆ ಸಹಿ ಹಾಕಬೇಕಾದ ಕೃಷ್ಣಪ್ರಸಾದರು ಆ ಹೊತ್ತಿಗೆ ಬಾಳೆಕಂದು ಹುಡುಕಲು ಹೋಗಿದ್ದರು. ಪೀಟರ್ ತಮಗೆ ತಾವೇ ಮಾಸ್ಕ್ ಕೊಟ್ಟುಕೊಳ್ಳುವ ಜನವಲ್ಲ. ಹಾಗೇ ನಿಂತು ತಿಕ್ಕಿದರು.

ಸಲಾಕೆ ಚಕ್ರಕ್ಕೆ ತಗುಲಿದ್ದೇ ತಡ, ಬೆಳ್ಳಗಿನ ಕಿಡಿಗಳು ಚೆಲ್ಲಿದವು. ಕಬ್ಬಿಣದ ಕಿಡಿ ಹಾಗಿರುವುದಿಲ್ಲ. ಇವು ಗಾಳಿಯಲ್ಲೇ ಮತ್ತೆ ಹೊತ್ತಿಕೊಂಡು ನಕ್ಷತ್ರಕಡ್ಡಿಯಂತೆ ಚಿಟಪಟ ಎಂದವು. ಕೆಲಸಗಾರರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಕೋಸಂಬರಿ ತಂದ ಶಾಂತಾ ಅವರು, "ಎಷ್ಟು ಲಕ್ಷಣವಾಗಿದೆ ನೋಡ್ರೀ, ದೀಪಾವಳೀಗೂ ಸ್ವಲ್ಪ ಉಳಿಸ್ಕೊಳ್ಳಿ" ಎಂದರು. ನಾನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಎರಡು ಗಂಟೆಯ ನಂತರ ಸಲಾಕೆ ಬೆಳ್ಳಿಯಂತಾಗಿತ್ತು. ಪೀಟರ್ ಅವರ ಮುಖ, ಕೈ, ಮೂಗಿನ ಹೊಳ್ಳೆಗಳಲ್ಲಿ ಕಪ್ಪು ಪುಡಿ ಮೆತ್ತಿತ್ತು. ಪ್ಯಾಂಟಿಗೆ ಕೈ ಒರೆಸಿಕೊಂಡು ಎರಡು ಬಟ್ಟಲು ಕೋಸಂಬರಿ ತಿಂದರು. ಉಳಿದ ಪುಡಿಯನ್ನು ಗುಡಿಸಿ, ಕ್ಯಾಂಟೀನಿನ ಹಿಂದೆ ಸುಕುಮಾ ಸೊಪ್ಪಿನ ಪಾತಿಗೆ ಚೆಲ್ಲಿದೆವು. ಮಾರನೆಯ ದಿನ ೪೧೧೭ಕ್ಕೆ ಅರಿಶಿನ, ಕುಂಕುಮ, ಹೂವು ಎಲ್ಲ ಸಾಂಗವಾಗಿ ಆಯಿತು.

ಹತ್ತು ದಿನ ಕಳೆದು ಹೊಸ ಕೆಮಿಸ್ಟ್ ಜಾಹ್ನವಿ ಕೆಲಸಕ್ಕೆ ಸೇರಿದರು. ಮೈಸೂರಿನವರು, ಸೌತ್ ಬಿ ಬಡಾವಣೆಯಲ್ಲಿ ಬಾಡಿಗೆ ಮನೆ. ಲೋಹ ಗುರುತಿಸುವ ಯಂತ್ರವೊಂದು ನಮ್ಮಲ್ಲಿದೆ, ಪಿಸ್ತೂಲಿನ ಆಕಾರದ್ದು. ಹೊಸದಾಗಿ ಸೇರಿದವರ ಉತ್ಸಾಹದಲ್ಲಿ ಆಕೆ ಕಂಡಕಂಡದ್ದಕ್ಕೆಲ್ಲ ಅದನ್ನು ಹಿಡಿಯುತ್ತಾ ಸ್ಟೋರಿಗೂ ಬಂದು ೪೧೧೭ಕ್ಕೆ ಹಿಡಿದರು. ಪರದೆಯ ಮೇಲೆ ಬಂದದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಯಂತ್ರ ಕೆಟ್ಟಿದೆಯೆಂದು ಕೃಷ್ಣಪ್ರಸಾದರು ಅದನ್ನು ರಿಪೇರಿಗೆ ಕಳಿಸಿದರು. ಸರಿಯಾಗಿದೆ ಎಂದು ಮರುದಿನವೇ ವಾಪಸು ಬಂತು. ಮತ್ತೆ ಹಿಡಿದರೂ ಅದೇ ಉತ್ತರ.

"ಸಾರ್, ಇದು ಡಿಪ್ಲೀಟೆಡ್ ಯುರೇನಿಯಂ. ಟ್ಯಾಂಕ್ ತೂತು ಮಾಡೋ ಗುಂಡಿನ ಒಳಗಡೆ ಇರತ್ತೆ" ಎಂದರು ಜಾಹ್ನವಿ.

"ಅಂದ್ರೆ ಸತ್ವ ತೆಗೆದಿರೋದು ತಾನೇ? ಕೆನೆ ತೆಗೆದ ಹಾಲಿನ ಥರ. ಇನ್ನೇನಮ್ಮ ಭಯ?" ಎಂದರು ಕೃಷ್ಣಪ್ರಸಾದ್.

"ಬಾಂಬಿಗೆ ಬೇಕಾದ ಸತ್ವ ತೆಗೆದಿರ್ತಾರೆ ಸಾರ್. ವಿಷ ತೆಗೆದಿರಲ್ಲ. ಸುಮ್ನೆ ಬಿದ್ದಿದ್ರೆ ಅಷ್ಟೇನೂ ಮಾಡಲ್ಲ. ಉಜ್ಜಿದ್ರೆ, ಸುಟ್ರೆ ಪುಡಿ ಏಳತ್ತೆ. ಅದು ಉಸಿರಲ್ಲಿ, ಊಟದಲ್ಲಿ ಒಳಗೆ ಹೋದ್ರೆ ಕಷ್ಟ. ಕಿಡ್ನಿಗೆ, ಶ್ವಾಸಕೋಶಕ್ಕೆ. ಮಣ್ಣಿಗೆ, ನೀರಿಗೆ ಸೇರಿದ್ರೂ ಅಷ್ಟೇ. ಯಾರೂ ಇದನ್ನ ಉಜ್ಜಿಲ್ಲ ಅಲ್ವಾ?"

ನಾನು ಆಕೆಗೆ ವಿಡಿಯೋ ತೋರಿಸಿದೆ. ಚಪ್ಪಾಳೆಯ ಸದ್ದು ಚೆನ್ನಾಗಿ ರೆಕಾರ್ಡ್ ಆಗಿತ್ತು.

ಪೀಟರ್ ಕಿಟಕಿಯಿಂದ ತಲೆ ಹೊರಹಾಕಿ, "ಮಡಮ್, ನನಗೆ ಏನಾಗುತ್ತೆ?" ಎಂದು ಕೇಳಿದರು.

"ಏನೂ ಆಗದೇನೂ ಇರಬಹುದು ಪೀಟರ್. ಮೂತ್ರ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗತ್ತೆ."

"ನಮ್ಮಪ್ಪ ಕಿಡ್ನಿಯಿಂದಲೇ ಹೋದದ್ದು. ನನಗೆ ಇಬ್ಬರು ಹೆಣ್ಣುಮಕ್ಕಳು. ಏನಿದೆ ಅಂತ ಗೊತ್ತಾದರೆ ಸಾಕು, ಇದ್ದರೂ ಸವಾ, ಇಲ್ಲದಿದ್ದರೂ ಸವಾ, ಎರಡೂ ಸರಿ. ಗೊತ್ತಾಗಬೇಕು."

ಅವರು ಬೇರೇನನ್ನೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಆ ಮಾತು ಕೇಳಿ ನಾನು ವಿಡಿಯೋ ಅಳಿಸಿಹಾಕಿದೆ. ಜಾಹ್ನವಿ ಅಂದೇ ಲ್ಯಾಬಿನಿಂದ ಎರಡು ಲೀಟರಿನ ಗಾಜಿನ ಸೀಸೆ ಕೊಟ್ಟು, ಒಂದು ಇಡೀ ದಿನದ ಮೂತ್ರ ತರಿಸಿಕೊಂಡು, ಕೆಡದಂತೆ ನಾಲ್ಕು ಹನಿ ಆಸಿಡ್ ಹಾಕಿ ಬಿರಡೆ ಬಿಗಿದಿಟ್ಟರು. ವಿದೇಶದ ಲ್ಯಾಬಿಗೆ ಕಳಿಸಲು ಸಮಿತಿಯ ಒಪ್ಪಿಗೆ ಕೇಳಿದರು.

ಸಮಿತಿ ತುರ್ತಾಗಿ ಕೂಡಿ, ಚಹಾ ಬರಲು ತಡವಾದ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಂಡು, ಈ ಕೆಳಗಿನ ಪ್ರಕಟಣೆ ಹೊರಡಿಸಿತು:

"ಸ್ಟೋರಿನಲ್ಲಿರುವ ೪೧೧೭ ಸಂಖ್ಯೆಯ ವಸ್ತುವನ್ನು ೪೧೧೭ ಎಂದೇ ಕರೆಯತಕ್ಕದ್ದು. ಸದರಿ ವಸ್ತುವನ್ನು ಬರಿಗೈಯಲ್ಲಿ ಮುಟ್ಟತಕ್ಕದ್ದಲ್ಲ. ಈಗಾಗಲೇ ಮುಟ್ಟಿರುವವರು ಮುಟ್ಟಿರುವುದಿಲ್ಲವೆಂದು ಭಾವಿಸತಕ್ಕದ್ದು. ಕ್ಯಾಂಟೀನಿನ ಹಿಂದಿನ ಪಾತಿಯಲ್ಲಿ ಬೆಳೆದ ಸುಕುಮಾ ಸೊಪ್ಪನ್ನು ಮ್ಯಾನೇಜರ್ ದರ್ಜೆ ಹಾಗೂ ಅದಕ್ಕೆ ಮೇಲ್ಪಟ್ಟವರಿಗೆ ಬಡಿಸತಕ್ಕದ್ದಲ್ಲ."

ಕೊನೆಯ ವಾಕ್ಯ ನನ್ನದು. ಪರಿಸರದ ವಿಷಯದಲ್ಲಿ ನಾವು ಸುಮ್ಮನೆ ಕೂತೆವೆಂದು ಯಾರೂ ಹೇಳುವಂತಿಲ್ಲ. ಜಾಹ್ನವಿ ಮಾತ್ರ ಮೇಜು ಕುಟ್ಟಿ, ಆ ಪಾತಿಯ ಮಣ್ಣನ್ನೇ ಎತ್ತಿಸಬೇಕು ಎಂದರು. ಮಣ್ಣು ಎತ್ತಲು ಸಲಿಕೆ ಬೇಕು. ಸಲಿಕೆಗೆ ಇಂಡೆಂಟ್ ಬರೆದಾಗಿದೆ, ಸಹಿಗೆ ಹೋಗಿದೆ.

ಮೂತ್ರದ ವಿಷಯವನ್ನು ಬಲ್ಲವರ ಗಮನಕ್ಕೆ ತರಬೇಕೆಂದು ತೀರ್ಮಾನವಾಯಿತು. ರಿವರ್‌ಸೈಡಿನಲ್ಲಿ 'ಸಂಘರ್ಷೋತ್ತರ ಭಾರಲೋಹಗಳ ಅಂತರರಾಷ್ಟ್ರೀಯ ಸಮನ್ವಯ ಕಚೇರಿ' ಎಂಬುದೊಂದಿದೆ. ಯುದ್ಧ ಮುಗಿದ ಮೇಲೆ ನೆಲದಲ್ಲಿ ಉಳಿದ ಲೋಹದ ಬಗ್ಗೆ ವರ್ಷಕ್ಕೆ ಎರಡು ಸಮ್ಮೇಳನ ಮಾಡುವುದು ಅದರ ಕೆಲಸ. ಅಲ್ಲಿಂದ ಫ್ರೆಡ್ರಿಕ್ ಎಂಬ ಹಿರಿಯ ಸಲಹೆಗಾರರು ಬಂದರು. ಮಂಗಳೂರಿನವರು, ಹದಿನೆಂಟು ವರ್ಷದಿಂದ ಇಲ್ಲೇ ಇದ್ದಾರೆ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ತೊಟ್ಟು, ಎರಡು ಕೈಗವಸಿನ ಮೇಲೆ ಇನ್ನೆರಡು ತೊಟ್ಟು, ಸಲಾಕೆಯನ್ನು ಇಕ್ಕಳದಲ್ಲಿ ಎತ್ತಿ ನೋಡಿದರು. ಪಕ್ಕದಲ್ಲಿ ಪೀಟರ್ ಅರ್ಧ ತೋಳಿನ ಶರ್ಟಿನಲ್ಲಿ ನಿಂತು ಅವರಿಗೆ ಟಾರ್ಚು ಹಿಡಿದಿದ್ದರು.

"ಅದೇ ವಸ್ತು ಹೌದು, ಸಂಶಯವೇ ಇಲ್ಲ" ಎಂದರು ಫ್ರೆಡ್ರಿಕ್. "ಆದ್ರೆ ಎಂತ ಮಾಡುದು ಮಾರಾಯ್ರೆ, ಇದು ಇಲ್ಲಿ ಉಂಟು ಅಂತ ಬರೀಲಿಕ್ಕೆ ಆಗುದಿಲ್ಲ. ಬರೆದ್ರೆ ಯಾರದ್ದು ಅಂತ್ಲೂ ಬರೀಬೇಕಾಗ್ತದೆ. ಗುಂಡು ಹೊಡೆದವರ ಒಪ್ಪಿಗೆ ಇಲ್ಲದೆ ಅವರ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಇಲ್ಲ."

"ಅದಿರಲಿ ಸಾರ್, ಪೀಟರ್ ಅವರ ಪರೀಕ್ಷೆ?" ಎಂದರು ಜಾಹ್ನವಿ.

"ಹಾನಿ ಆಗಿದೆ ಅಂತ ದಾಖಲೆ ಉಂಟಾ?"

"ಪರೀಕ್ಷೆ ಮಾಡಿದ್ರೆ ದಾಖಲೆ ಸಿಗತ್ತೆ."

"ಅದೇ ನಾನು ಹೇಳುದು. ದಾಖಲೆ ಇದ್ರೆ ಪರೀಕ್ಷೆ ಮಾಡ್ಲಿಕ್ಕೆ ನಾನೇ ಬರೆದು ಕೊಡ್ತೇನೆ. ನೋಡಿ, ಈ ಲೋಹದಿಂದ ಹಾನಿ ಆಗಿದೆ ಅಂತ ಸಾಬೀತಾದ ಒಂದೇ ಒಂದು ಕಡತ ನಮ್ಮ ಕಚೇರಿಯಲ್ಲಿ ಇಲ್ಲ."

"ಎಷ್ಟು ಜನರನ್ನ ಪರೀಕ್ಷೆ ಮಾಡಿದೀರಿ?"

"ಯಾರನ್ನೂ ಇಲ್ಲ. ಹಾನಿ ಸಾಬೀತಾಗದೆ ಹೇಗೆ ಮಾಡುದು?"

ಕೃಷ್ಣಪ್ರಸಾದರು ಬಹಳ ಸಮಾಧಾನದಿಂದ ತಲೆಯಾಡಿಸಿದರು. ಪೀಟರ್ ಟಾರ್ಚು ಆರಿಸಿ ಜಾಗದಲ್ಲಿಟ್ಟು, ವಾಪಸು ಬಂದದ್ದಕ್ಕೆ ಪುಸ್ತಕದಲ್ಲಿ ಗುರುತು ಹಾಕಿದರು.

ಸಲಾಕೆಯನ್ನು ತಮ್ಮ ಕಚೇರಿಗೆ ಒಯ್ಯುವುದಾಗಿ ಫ್ರೆಡ್ರಿಕ್ ಹೇಳಿದಾಗ ಕೃಷ್ಣಪ್ರಸಾದರು ತಡೆದರು. ಪೂಜೆಯಾದ ಸಾಮಾನನ್ನು ಗುಜರಿಯಂತೆ ಚೀಲದಲ್ಲಿ ಕಟ್ಟಿ ಕಳಿಸುವುದು ಹೇಗೆ? ವಿಸರ್ಜನೆಯಾಗಬೇಕು, ಅದಕ್ಕೆ ಹರಿಯುವ ನೀರು ಬೇಕು, ನೈರೋಬಿ ನದಿ ಹತ್ತಿರದಲ್ಲೇ ಇದೆ ಎಂದರು. ನದಿಯ ಹೆಸರು ಕೇಳಿ ಜಾಹ್ನವಿ ಕುರ್ಚಿಯಿಂದ ಎದ್ದೇಬಿಟ್ಟರು. ಫ್ರೆಡ್ರಿಕ್ ಮಾತ್ರ ಹಿಗ್ಗಿ, 'ಸ್ಥಳೀಯ ಸಂಸ್ಕೃತಿಯ ಪಾಲ್ಗೊಳ್ಳುವಿಕೆ' ಎಂದು ಡೈರಿಯಲ್ಲಿ ಬರೆದುಕೊಂಡರು. ವಸ್ತು ಇದ್ದಲ್ಲೇ ಇರಲಿ ಎಂದಾಯಿತು. ತಿಂಗಳೊಳಗೆ ಅದಕ್ಕೆ ಸೀಸದ ಗಾಜಿನ ಕಪಾಟು ಬಂತು, ಗಾಳಿ ಶುದ್ಧ ಮಾಡುವ ಯಂತ್ರ ಬಂತು, ಕಪಾಟು ಉದ್ಘಾಟಿಸಲು ರಿವರ್‌ಸೈಡಿನಿಂದ ನಾಲ್ಕು ಕಾರು ಬಂದವು. ಪೀಟರ್ ಅವರ ಮಾಸ್ಕಿನ ಇಂಡೆಂಟ್ ಆಗಲೂ ಸಹಿಗೆ ಕಾಯುತ್ತಿತ್ತು. ಚೀಟಿಗಳ ಮೇಲಿಡಲು ಭಾರವಿಲ್ಲದೆ ಅವು ಸ್ಟೋರಿನ ತುಂಬ ಹಾರಾಡತೊಡಗಿದವು.

ಅಷ್ಟರಲ್ಲಿ ರಿವರ್‌ಸೈಡ್ ಕಚೇರಿ ಮೂರು ದೇಶಗಳ ಸೈನ್ಯಕ್ಕೆ ಪತ್ರ ಬರೆದು, ಈ ಸಲಾಕೆ ನಿಮ್ಮದೇ ಎಂದು ಕೇಳಿತ್ತು. ಒಂದು ಸೈನ್ಯ ನಮ್ಮದಲ್ಲ ಎಂದಿತು. ಇನ್ನೊಂದು, ನಮ್ಮದಾಗಿದ್ದರೆ ಅದು ಸಂಪೂರ್ಣ ಸುರಕ್ಷಿತ, ನಮ್ಮದಲ್ಲದಿದ್ದರೆ ಬಹಳ ಅಪಾಯಕಾರಿ, ಎಚ್ಚರ ವಹಿಸಿ ಎಂದಿತು. ಮೂರನೆಯದು ಹೊಸ ವರ್ಷದ ಶುಭಾಶಯ ಕಳಿಸಿತು.

ಜಾಹ್ನವಿಗೆ ಕಾಯುವ ತಾಳ್ಮೆ ಇರಲಿಲ್ಲ. ಒಂದು ಬೆಳಿಗ್ಗೆ ಸೀಸೆಯನ್ನು ತಾವೇ ಮಟಾಟು ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಕೊರಿಯರಿಗೆ ಕೊಟ್ಟರು. ಫಾರಂನಲ್ಲಿ 'ಒಳಗೇನಿದೆ' ಎಂಬಲ್ಲಿ ಜೇನುತುಪ್ಪ ಎಂದು ಬರೆದಿದ್ದರೆ ಕತೆ ಮುಗಿಯುತ್ತಿತ್ತು. ಈಕೆ 'ಯುರೇನಿಯಂ ಇರಬಹುದಾದ ಮೂತ್ರ' ಎಂದು ಬರೆದರು. ಯುರೇನಿಯಂ ದೇಶ ಬಿಡಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ಅದರಲ್ಲಿ ಯುರೇನಿಯಂ ಎಷ್ಟಿದೆಯೆಂದು ತಿಳಿಸಬೇಕು, ತಿಳಿಯಬೇಕಾದರೆ ಅದು ದೇಶ ಬಿಟ್ಟು ಲ್ಯಾಬಿಗೆ ಹೋಗಬೇಕು. ಯುರೇನಿಯಂ ಇಲ್ಲವೆಂದರೆ ಕಳಿಸುವ ಅಗತ್ಯವೇ ಇಲ್ಲ. ಸೀಸೆ ಮೂರನೆಯ ದಿನ ನಮ್ಮ ಗೇಟಿಗೇ ವಾಪಸು ಬಂತು.

ಗೇಟಿನಿಂದ ಒಳಗೆ ಬಂದ ಯಾವುದೇ ಸಾಮಾನು ನೇರವಾಗಿ ಸ್ಟೋರಿಗೆ ಹೋಗಬೇಕು. ಕಾವಲುಗಾರ ಅದನ್ನು ಪೀಟರ್ ಅವರ ಕಿಟಕಿಗೆ ತಂದುಕೊಟ್ಟ. ಪೀಟರ್ ಬೆಳಕಿಗೆ ಹಿಡಿದು, ಅಲುಗಿಸಿ, ಬಿರಡೆ ತಿರುವಿ ನೋಡಿ ಪುಸ್ತಕದಲ್ಲಿ ಬರೆದರು: '೪೧೧೮. ಗಾಜಿನ ಸೀಸೆ ಒಂದು. ಹಳದಿ ದ್ರವ, ಮುಕ್ಕಾಲು ಭಾಗ. ಸೋರಿಕೆ ಇಲ್ಲ.' ಕೆಳಗೆ ಸಹಿ ಮಾಡಿದರು.

ಸೀಸೆ ಗುಟ್ಟಾಗಿ ಹೊರಗೆ ಹೋದದ್ದು ತಿಳಿದು ಫ್ರೆಡ್ರಿಕ್ ಸಿಟ್ಟಾದರು. ಇಂಥದ್ದು ಮತ್ತೆ ಆಗದಂತೆ ನಿಯಮ ಮಾಡಿ ಎಂದರು. ನಾನು ಎರಡು ದಿನ ಕೂತು ಹದಿನಾಲ್ಕನೆಯ ನಿಯಮ ಬರೆದೆ: "೪೧೧೭ನ್ನಾಗಲಿ, ೪೧೧೭ರ ದೆಸೆಯಿಂದ ಸ್ಟೋರಿಗೆ ಬಂದ ಯಾವುದೇ ವಸ್ತು, ಪುಡಿ ಅಥವಾ ದ್ರವವನ್ನಾಗಲಿ, ೪೧೧೭ರ ಮೂಲ ಮಾಲೀಕರ ಸಹಿಯಿಲ್ಲದೆ ಹೊರಗೆ ಕೊಡತಕ್ಕದ್ದಲ್ಲ." ಒಂದು ಅಲ್ಪವಿರಾಮವನ್ನೂ ಆಚೀಚೆ ಮಾಡುವಂತಿರಲಿಲ್ಲ. ಬರೆದು ಮುಗಿಸಿದಾಗ ಹೆಮ್ಮೆಯಿಂದ ಕೆಮ್ಮಿದೆ.

ಈ ಜುಲೈನಲ್ಲಿ ಜಾಹ್ನವಿ ಓಡುತ್ತಾ ಬಂದರು. ಊರೊಳಗೇ ಒಬ್ಬ ಪ್ರೊಫೆಸರು ಸಿಕ್ಕಿದ್ದಾರೆ, ಅವರ ಲ್ಯಾಬಿನಲ್ಲಿ ಯಂತ್ರವಿದೆ, ಪರವಾನಗಿ ಬೇಡ, ಕೊರಿಯರ್ ಬೇಡ, ನಾಳೆಯೇ ಉತ್ತರ ಹೇಳುತ್ತಾರೆ. ಸೀಸೆ ಒಯ್ದು ಕೊಟ್ಟರಾಯಿತು. ನನ್ನನ್ನೂ ಎಳೆದುಕೊಂಡು ಸ್ಟೋರಿನ ಕಿಟಕಿಗೆ ಹೋದರು. ಪೀಟರ್ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ.

"ಅಸಾಂಟೆ ಮಡಮ್, ಅಸಾಂಟೆ ಸಾನಾ, ತುಂಬ ಉಪಕಾರ! ನಾಳೆಯೇ?"

"ನಾಳೇನೇ. ಕೊಡಿ ಬೇಗ."

ಪೀಟರ್ ಸೀಸೆಯನ್ನು ಎತ್ತಿಕೊಂಡು ಕಿಟಕಿಯವರೆಗೆ ಬಂದರು. ಅಲ್ಲಿ ನಿಂತರು. ಕಿಟಕಿಗೆ ಬಂದ ಮೇಲೆ ಹನ್ನೆರಡು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ?

"ಇಂಡೆಂಟ್?" ಎಂದರು.

ಜಾಹ್ನವಿ ಚೀಟಿ ಕೊಟ್ಟರು. ಪೀಟರ್ ಕನ್ನಡಕ ಏರಿಸಿ ಓದಿದರು, ಗೋಡೆಯ ಮೇಲಿನ ಹದಿನಾಲ್ಕನೆಯ ನಿಯಮ ಓದಿದರು, ಮತ್ತೆ ಚೀಟಿ ಓದಿದರು. ಮುಖ ಸಣ್ಣಗಾಯಿತು.

"ಮೂಲ ಮಾಲೀಕರ ಸಹಿ ಇಲ್ಲ, ಮಡಮ್."

"ಮೂಲ ಮಾಲೀಕರು ಅಂದ್ರೆ ಯಾವ್ದೋ ದೇಶದ ಸೈನ್ಯ ಪೀಟರ್! ಅವರು ಯಾರು ಅಂತ್ಲೇ ಗೊತ್ತಿಲ್ಲ. ಇದು ನಿಮ್ಮ ಮೂತ್ರ!"

"ಮೂತ್ರ ನನ್ನದೇ. ಸ್ಟಾಕ್ ಕಂಪನಿಯದು."

"ಅಯ್ಯೋ ದೇವರೇ! ಹೊಸದಾಗಿ ಕೊಡಿ ಅನ್ನೋಣ ಅಂದ್ರೆ, ಆಗ ಒಳಗೆ ಹೋಗಿದ್ದು ಎಷ್ಟು ಅಂತ ಈಗಿನದ್ರಲ್ಲಿ ಗೊತ್ತಾಗಲ್ಲ. ಪ್ರೊಫೆಸರು ಹೋದ ವರ್ಷದ್ದೇ ಬೇಕು ಅಂತಿದಾರೆ. ಯಶವಂತ್ ಸಾರ್, ನಿಯಮ ಬರೆದಿದ್ದು ನೀವು ತಾನೇ? ನೀವಾದ್ರೂ ಹೇಳಿ!"

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ನಾಚಿಕೆಯಾಯಿತು, ಬರೆದುಕೊಳ್ಳಲು ಸಂಕೋಚವಿಲ್ಲ. ನಿಯಮ ತಿದ್ದಲು ಸಭೆ ಕರೆಯಬೇಕು, ಸಭೆಗೆ ನೋಟಿಸ್ ಹೊರಡಬೇಕು, ನೋಟಿಸಿಗೆ ಕಾಗದ ಬೇಕು ಎಂದೆ. ಒಂದು ದಸ್ತು ಕಾಗದ ಕೊಡಿ ಪೀಟರ್ ಎಂದು ಕೇಳಿದೆ. ಪೀಟರ್ ಇಂಡೆಂಟ್ ಎಲ್ಲಿ ಎಂದರು. ಇಂಡೆಂಟ್ ಪುಸ್ತಕ ಮುಗಿದಿತ್ತು. ಹೊಸ ಪುಸ್ತಕ ಸ್ಟೋರಿನಲ್ಲೇ ಇದೆ, ಅದಕ್ಕೂ ಚೀಟಿ ಬೇಕು. ಹಳೆಯ ಪುಸ್ತಕದ ಕೊನೆಯ ಹಾಳೆಯಲ್ಲೇ ಜಾಹ್ನವಿ ಸೀಸೆ ಕೇಳಿದ್ದರು.

ಪ್ರೊಫೆಸರು ಎರಡು ವಾರ ಕಾದು ರಜೆಯ ಮೇಲೆ ಹೋದರು. ಜಾಹ್ನವಿ ಮೊದಮೊದಲು ದಿನಾ ಬಂದು ಕಿಟಕಿಯೆದುರು ನಿಲ್ಲುತ್ತಿದ್ದರು. ಈಗ ತಿಂಗಳ ದಾಸ್ತಾನು ಪರಿಶೀಲನೆಗೆ ಬಂದಾಗ '೪೧೧೮, ಸುಸ್ಥಿತಿಯಲ್ಲಿದೆ' ಎಂದು ಸಹಿ ಮಾಡಿ ಹೋಗುತ್ತಾರೆ.

ನಿನ್ನೆ ಈ ವರ್ಷದ ಆಯುಧಪೂಜೆ ಸಾಂಗವಾಗಿ ನೆರವೇರಿತೆಂದು ತಿಳಿಸಲು ಸಂತೋಷವಾಗುತ್ತದೆ. ಫ್ರೆಡ್ರಿಕ್ ಅತಿಥಿಗಳಾಗಿ ಬಂದಿದ್ದರು, ನಮ್ಮ ಕಾರ್ಖಾನೆ ಇಡೀ ವಲಯಕ್ಕೆ ಮಾದರಿ ಎಂದರು. ಕೊಳೆ ಇರುವ ಯಾವ ಸಾಮಾನೂ ಪೂಜೆಗೆ ಕೂರಬಾರದಾದ್ದರಿಂದ ಪೀಟರ್ ಹಿಂದಿನ ದಿನವೇ ಕಪಾಟಿನ ಗಾಜು ಒರೆಸಿ, ಸೀಸೆಯನ್ನೂ ತೊಳೆದ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಮಾಡಿದ್ದರು. ಈ ಸಲ ಅವರಿಗೆ ಮಾಸ್ಕ್ ಇತ್ತು, ಹಳೆಯ ಇಂಡೆಂಟಿಗೆ ಸಹಿಯಾಗಿತ್ತು. ಕೃಷ್ಣಪ್ರಸಾದರು ೪೧೧೭ರ ಕಪಾಟಿಗೆ ಕುಂಕುಮ ಇಟ್ಟು, ಅದೇ ಬೆರಳಲ್ಲಿ ೪೧೧೮ರ ಬಿರಡೆಗೂ ಇಟ್ಟರು. ಶಾಂತಾ ಅವರು ಒಂದು ಸೇವಂತಿಗೆ ಏರಿಸಿದರು. ಎಲ್ಲರೂ ಕೈ ಮುಗಿದೆವು. ಪೀಟರ್ ಕೂಡ ಕೈ ಮುಗಿದರು.

ಕೋಸಂಬರಿ ಹಂಚಿದ ಮೇಲೆ ನಾನು ಸ್ಟೋರಿನ ಕಡೆ ಹೋದೆ. ಪೀಟರ್ ಕಿಟಕಿಯ ಹೊರಗೆ, ನಮ್ಮೆಲ್ಲರ ಹಾಗೆ ಈಚೆ ಬದಿಯಲ್ಲಿ ನಿಂತಿದ್ದರು. ತಮ್ಮದೇ ಒಂದು ಬಿಳಿ ಹಾಳೆಯ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಇಂಡೆಂಟ್ ಮಾಡಿಕೊಂಡು, ಅಂದವಾಗಿ ಬರೆದರು: 'ಬೇಕಾದದ್ದು: ೪೧೧೮. ಕಾರಣ: ಗೊತ್ತಾಗಬೇಕು.' ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸುತ್ತುಬಳಸಿ ಬಾಗಿಲಿನಿಂದ ಒಳಗೆ ಹೋಗಿ, ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ ಚೀಟಿ ಎತ್ತಿಕೊಂಡರು. ಎರಡು ಸಲ ಓದಿದರು. ಸಹಿಯ ಜಾಗ ನೋಡಿದರು. ತಲೆ ಅಡ್ಡಡ್ಡ ಆಡಿಸಿ, ಮೂಲೆಯಲ್ಲಿ 'ಆಗಲ್ಲ' ಎಂದು ಬರೆದು, ಬಾಕಿ ಚೀಟಿಗಳ ಮೇಲೆ ಅದನ್ನೂ ಇಟ್ಟರು. ಗಾಳಿ ಬೀಸುತ್ತಿತ್ತು. ಹಾರಿಹೋಗದಂತೆ, ಬಿರಡೆಗೆ ಕುಂಕುಮ ಇಟ್ಟ ಆ ಸೀಸೆಯನ್ನೇ ಅದರ ಮೇಲಿಟ್ಟರು.